ನೇಮಕಪತ್ರದ ಗದ್ಯ: ಕಾರ್ಮಿಕ ಸಂಹಿತೆಗಳಿಗೆ ಉದ್ಯೋಗದಾತರ ಸಿದ್ಧತೆಯನ್ನು ಕುರಿತು ಒಂದು ವಿಮರ್ಶೆ

೧

ಭಾರತ ಸರ್ಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು ೨೦೨೫ನೆಯ ಇಸವಿ ನವೆಂಬರ್ ೨೧ರಂದು ಜಾರಿಗೆ ಬಂದುವು. ವೇತನ ಸಂಹಿತೆ ೨೦೧೯ರಲ್ಲಿಯೂ, ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಔದ್ಯೋಗಿಕ ಸುರಕ್ಷತೆ ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಈ ಮೂರು ೨೦೨೦ರಲ್ಲಿಯೂ ಸಂಸತ್ತಿನ ಒಪ್ಪಿಗೆ ಪಡೆದಿದ್ದುವು. ಅಂಗೀಕಾರಕ್ಕೂ ಆಚರಣೆಗೂ ನಡುವೆ ಐದು ವರ್ಷಗಳಿಗೆ ಕಡಮೆಯಿಲ್ಲದ ಅವಧಿ ಸಂದಿತು. ಈ ಅವಧಿಯಲ್ಲಿಯೂ ತರುವಾಯವೂ ಉದ್ಯೋಗದಾತರನ್ನು ಮತ್ತು ಆಳುಗಳನ್ನು ಒದಗಿಸುವ ಏಜೆನ್ಸಿಗಳನ್ನು ಹೊಸ ಕಾನೂನಿಗೆ ಅಣಿಗೊಳಿಸುವ ಒಂದು ಬಗೆಯ ಬರೆವಣಿಗೆ ನಮ್ಮಲ್ಲಿ ಹೇರಳವಾಗಿ ಬೆಳೆದಿದೆ. ಸಲಹೆಗಾರರ ಟಿಪ್ಪಣಿ, ಕೈಪಿಡಿ, ಪ್ರಶ್ನೋತ್ತರಮಾಲಿಕೆ, ಮಾದರಿ ನೇಮಕಪತ್ರ, ಇವೆಲ್ಲ ಆ ಬಗೆಗೆ ಸೇರಿದುವು.

ಇಂಥ ಬರೆವಣಿಗೆಯ ವಿಚಾರ ಕನ್ನಡ ವಿಭಾಗದ ವಾರ್ಷಿಕ ಪತ್ರಿಕೆಗೆ ಹೇಗೆ ಸಲ್ಲುತ್ತದೆ ಎಂದು ವಾಚಕರು ಕೇಳಬಹುದು. ಈ ನಾಡಿನಲ್ಲಿ ಅತ್ಯಂತ ಹೆಚ್ಚು ಜನರ ಬಾಳನ್ನು ನೇರವಾಗಿ ಮುಟ್ಟುವ ಗದ್ಯ ಕಾದಂಬರಿಯದಲ್ಲ, ಪ್ರಬಂಧದ್ದೂ ಅಲ್ಲ. ನೇಮಕಪತ್ರ, ಸಂಬಳದ ಚೀಟಿ, ಕೆಲಸದಿಂದ ಬಿಡುಗಡೆಯ ಪತ್ರ ಇವುಗಳ ಗದ್ಯ. ಸಾಹಿತ್ಯಕೃತಿಯನ್ನು ಓದುವವನು ಮೆಚ್ಚದಿದ್ದರೆ ಮುಚ್ಚಿಡಬಹುದು. ಈ ಗದ್ಯವನ್ನು ಮುಚ್ಚಿಡುವ ಸ್ವಾತಂತ್ರ್ಯ ಅದನ್ನು ಪಡೆದವರಿಗಿಲ್ಲ. ಇದಕ್ಕೆ ಬೆಲೆ ಕಟ್ಟುವ ಕೆಲಸವನ್ನು ನ್ಯಾಯವಾದಿಗಳಿಗೆ ಮಾತ್ರ ಬಿಟ್ಟುಕೊಡುವುದು ವಿಮರ್ಶೆಯ ಕರ್ತವ್ಯಲೋಪವೆಂದು ನಮ್ಮ ಅಭಿಪ್ರಾಯ. ಆದಕಾರಣ ಪ್ರಕೃತ ಲೇಖನದಲ್ಲಿ ಸಂಹಿತೆಗಳನ್ನೂ, ಅವುಗಳಿಗೆ ನಡೆದಿರುವ ಸಿದ್ಧತೆಯನ್ನೂ, ಒಂದು ನೇಮಕಪತ್ರವನ್ನೂ ಪಾಠಗಳೆಂದು ಭಾವಿಸಿ ಪರಿಶೀಲಿಸಲಾಗುವುದು. ಆನ್‌ಲೈನ್ ವೇದಿಕೆಗಳ ಮೂಲಕ ದುಡಿಯುವವರಿಗಾಗಿ ಕರ್ನಾಟಕ ೨೦೨೫ರಲ್ಲಿ ಮಾಡಿದ ಕಾಯಿದೆ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದುದರಿಂದ ಅದನ್ನು ಇಲ್ಲಿ ಮುಟ್ಟಿಲ್ಲ.

೨

'ಸಂಹಿತೆ' ಎಂಬ ಮಾತಿನಿಂದಲೇ ಆರಂಭಿಸಬಹುದು. ವೈಯಾಕರಣರ ಪರಿಭಾಷೆಯಲ್ಲಿ ಸಂಹಿತೆಯೆಂದರೆ ವರ್ಣಗಳ ಅತ್ಯಂತ ಸಾಮೀಪ್ಯ; ಸಂಧಿಕಾರ್ಯ ನಡೆಯುವುದು ಆ ಸಾಮೀಪ್ಯದಲ್ಲಿ. ಎರಡು ಪದಗಳನ್ನು ಪಕ್ಕದಲ್ಲಿ ಇಟ್ಟ ಮಾತ್ರಕ್ಕೆ ಸಂಹಿತೆಯಾಗದು; ಒಂದರ ಅಂತ್ಯ ಇನ್ನೊಂದರ ಆದಿಯೊಡನೆ ಕೂಡಬೇಕು. ಈ ನಾಲ್ಕು ಸಂಹಿತೆಗಳು ಇಪ್ಪತ್ತೊಂಬತ್ತು ಕೇಂದ್ರ ಕಾಯಿದೆಗಳ ಸ್ಥಾನದಲ್ಲಿ ಬಂದಿವೆ. ಹೀಗೆ ಒಗ್ಗೂಡಿಸಬೇಕೆಂದು ರವೀಂದ್ರ ವರ್ಮ ಅವರ ಅಧ್ಯಕ್ಷತೆಯ ಎರಡನೆಯ ರಾಷ್ಟ್ರೀಯ ಕಾರ್ಮಿಕ ಆಯೋಗ ೨೦೦೨ರಲ್ಲಿಯೇ ಸಲಹೆ ಮಾಡಿತ್ತು. ಸಲಹೆ ಯುಕ್ತವಾದುದೇ. ಹಳೆಯ ಕಾಯಿದೆಗಳಲ್ಲಿ ವೇತನವೆಂಬ ಒಂದೇ ಶಬ್ದಕ್ಕೆ ಹಲವು ಅರ್ಥಗಳಿದ್ದುವು; ಭವಿಷ್ಯನಿಧಿಗೆ ಒಂದು, ಗ್ರಾಚ್ಯುಯಿಟಿಗೆ ಒಂದು, ಬೋನಸ್ಸಿಗೆ ಮತ್ತೊಂದು. ಈಗ ನಾಲ್ಕು ಸಂಹಿತೆಗಳಲ್ಲಿಯೂ ವೇತನದ ಲಕ್ಷಣ ಬಹುಮಟ್ಟಿಗೆ ಏಕರೂಪವಾಗಿದೆ. ಇಷ್ಟರಮಟ್ಟಿಗೆ ಸಂಧಿಕಾರ್ಯ ನಡೆದಿದೆಯೆಂದು ಒಪ್ಪಬೇಕು.

ಎರಡನೆಯ ಗುಣ ಇನ್ನೂ ದೊಡ್ಡದು. ಪ್ರತಿಯೊಬ್ಬ ಉದ್ಯೋಗಿಗೂ ನೇಮಕಪತ್ರ ಕೊಡತಕ್ಕದ್ದು ಎಂದು ಔದ್ಯೋಗಿಕ ಸುರಕ್ಷತಾ ಸಂಹಿತೆಯ ಆರನೆಯ ಪ್ರಕರಣ ವಿಧಿಸುತ್ತದೆ. ಮೊದಲೇ ಕೆಲಸದಲ್ಲಿದ್ದು ಪತ್ರವಿಲ್ಲದವರಿಗೆ ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ, ಎಂದರೆ ೨೦೨೬ರ ಫೆಬ್ರವರಿಯೊಳಗೆ, ಕೊಡಬೇಕಾಗಿತ್ತು. ಬಾಯಿಮಾತಿನ ಮೇಲೆ ತಲೆಮಾರುಗಳನ್ನು ಕಳೆದ ದುಡಿಮೆಯ ಲೋಕಕ್ಕೆ ಬರೆಹವನ್ನು ಹಕ್ಕಾಗಿ ಕೊಟ್ಟ ಈ ವಿಧಿ ಸಾಮಾನ್ಯವಾದುದಲ್ಲ.

ಮೂರನೆಯದಾಗಿ ಒಂದು ಪದವನ್ನು ಲಕ್ಷಿಸಬೇಕು. ಹಿಂದೆ 'ನಿರೀಕ್ಷಕ' ಎನಿಸಿದ್ದ ಅಧಿಕಾರಿ ಈಗ 'ನಿರೀಕ್ಷಕ ಹಾಗೂ ಸೌಕರ್ಯದಾತ'. ಪರೀಕ್ಷಿಸುವವನೂ ಅವನೇ, ನೆರವಾಗುವವನೂ ಅವನೇ. ವೇತನ ಸಂಹಿತೆಯ ಪ್ರಕಾರ ಆತ ಮೊಕದ್ದಮೆ ಹೂಡುವ ಮೊದಲು ತಪ್ಪನ್ನು ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಐದು ವರ್ಷದೊಳಗೆ ಅದೇ ತಪ್ಪು ಮರುಕಳಿಸಿದರೆ ಈ ಅವಕಾಶವಿಲ್ಲ. ಅರಿಯದೆ ತಪ್ಪಿದ ಸಣ್ಣ ಮಾಲೀಕನಿಗೆ ಇದು ನ್ಯಾಯವೇ ಸರಿ. ಆದರೆ ಅರಿತೂ ಸುಮ್ಮನಿರುವವನಿಗೆ ಇದು ಒಂದು ಪಾಠವನ್ನು ಹೇಳಿಕೊಡುತ್ತದೆ: ಕೇಳುವವರು ಬರುವತನಕ ಕಾಯಬಹುದು. ಸಿದ್ಧತೆಯ ಬರೆವಣಿಗೆಯಲ್ಲಿ ಕಾಣುವ ಜಡತೆಗೆ ಕಾನೂನಿನ ಈ ಜೋಡುಪದವೂ ಒಂದು ಕಾರಣವೆಂದು ತೋರುತ್ತದೆ.

೩

ಸಿದ್ಧತೆಯ ಟಿಪ್ಪಣಿಗಳ ಸಾಮಾನ್ಯ ಲಕ್ಷಣಗಳೇನು? ಅವು ಮಾಲೀಕನನ್ನು ಉದ್ದೇಶಿಸಿದುವು. ಆತನ ಖರ್ಚು ಎಷ್ಟು ಏರುವುದು, ಯಾವ ನೋಂದಣಿ ಬೇಕು, ಯಾವ ಪುಸ್ತಕ ಇಡಬೇಕು, ಎಲ್ಲಿ ದಂಡ ಬೀಳಬಹುದು ಎಂಬುದು ಅವುಗಳ ವಸ್ತು. ಇದರಲ್ಲಿ ತಪ್ಪಿಲ್ಲ. ಕಾನೂನನ್ನು ಪಾಲಿಸಬೇಕಾದವನಿಗೆ ಪಾಲನೆಯ ವಿವರ ತಿಳಿಯಲೇಬೇಕು. ದೋಷವಿರುವುದು ವಾಕ್ಯರಚನೆಯಲ್ಲಿ. 'ವೇತನರಚನೆಯನ್ನು ಪುನರ್‌ವಿಮರ್ಶಿಸಲಾಗುವುದು', 'ಅಗತ್ಯಕ್ಕೆ ಅನುಸಾರವಾಗಿ ಸಿಬ್ಬಂದಿಯನ್ನು ಮರುವಿನ್ಯಾಸಗೊಳಿಸಲಾಗುವುದು' ಎಂಬಂಥ ವಾಕ್ಯಗಳಲ್ಲಿ ಕರ್ತೃಪದವೇ ಇಲ್ಲ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದೆಂದು ನಮ್ಮ ವ್ಯಾಕರಣದ ಅಧ್ಯಾಪಕರು ಹೇಳುತ್ತ ಬಂದಿದ್ದಾರೆ. ಇಲ್ಲಿ ಅದು ಕೇವಲ ಶೈಲಿಯ ದೋಷವಾಗಿ ಉಳಿದಿಲ್ಲ. ಯಾರು ಮಾಡುವರು ಎಂಬುದನ್ನು ಹೇಳದ ವಾಕ್ಯದಿಂದ ಯಾರನ್ನು ಕೇಳಬೇಕು ಎಂಬುದೂ ತಿಳಿಯದು. ಕರ್ತೃವಿನ ಲೋಪದಿಂದ ಹೊಣೆಯೂ ಲೋಪವಾಗುತ್ತದೆ. ಈ ಲೇಖಕನೂ ಮೊದಲ ಭಾಗದಲ್ಲಿ 'ಪರಿಶೀಲಿಸಲಾಗುವುದು' ಎಂದು ಬರೆದಿರುವುದನ್ನು ವಾಚಕರು ಗಮನಿಸಿರಬಹುದು. ವಿದ್ವತ್‌ಪತ್ರಿಕೆಗಳಿಗೂ ಈ ರೋಗ ತಗಲಿದೆ. ಆದರೆ ನಮ್ಮ ವಾಕ್ಯದಿಂದ ಯಾರ ಸಂಬಳವೂ ಕಡಮೆಯಾಗದು.

ಕೆಲಸಕ್ಕೆ ಸೇರುವವನಿಗೆ ತಿಳಿಯಬೇಕಾದ ಪ್ರಶ್ನೆಗಳು ಮೂರು. ನನ್ನ ಮಾಲೀಕ ಯಾರು? ನನ್ನ ವೇತನ ಎಷ್ಟು? ನನ್ನ ಕೆಲಸ ಎಂದು, ಹೇಗೆ ಮುಗಿಯುತ್ತದೆ? ಒಂದು ಸಂಸ್ಥೆ ಹೊಸ ಕಾನೂನಿಗೆ ಸಿದ್ಧವಾಗಿದೆಯೇ ಎಂಬುದಕ್ಕೆ ಈ ಮೂರಕ್ಕೆ ಅದು ಕೊಡುವ ಉತ್ತರಗಳ ಸ್ಪಷ್ಟತೆಯೇ ಒರೆಗಲ್ಲು. ಒಂದೊಂದನ್ನೇ ನೋಡೋಣ.

೪

ಮಾಲೀಕ ಯಾರೆಂಬ ಪ್ರಶ್ನೆ ಹೊಸದಲ್ಲ. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಆಳುಗಳನ್ನು ತರುತ್ತಿದ್ದವನು ಮೇಸ್ತ್ರಿ. ಆತ ಹಂಗಾಮಿಗೆ ಮುಂಚೆ ಊರೂರಿಗೆ ಹೋಗಿ ಮುಂಗಡ ಕೊಟ್ಟು ಸಂಸಾರಗಳನ್ನು ಕರೆತರುತ್ತಿದ್ದ. ಆಳಿಗೆ ಗೊತ್ತಿದ್ದವನು ಮೇಸ್ತ್ರಿ; ದುಡಿದದ್ದು ದೊರೆಯ ತೋಟದಲ್ಲಿ. ಬ್ರಿಟಿಷರ ಕಾಲದ ೧೮೫೯ರ ಕಾಯಿದೆಯೊಂದು ಮುಂಗಡ ಪಡೆದು ಕೆಲಸಕ್ಕೆ ತಪ್ಪಿದ ಆಳನ್ನು ಸೆರೆಗೆ ಕಳಿಸಲು ಅವಕಾಶವಿತ್ತಿತ್ತು; ೧೯೨೫ರಲ್ಲಿ ಅದರ ರದ್ದತಿಯ ಶಾಸನವಾಗುವವರೆಗೆ ಕೆಲಸದ ಕರಾರನ್ನು ಮುರಿಯುವುದು ಆಳಿನ ಪಾಲಿಗೆ ಮಾತ್ರ ಅಪರಾಧವಾಗಿತ್ತು. ೧೯೩೧ರಲ್ಲಿ ವರದಿಯೊಪ್ಪಿಸಿದ ರಾಯಲ್ ಕಾರ್ಮಿಕ ಆಯೋಗ ಕಾರ್ಖಾನೆಗಳ ನೇಮಕದಲ್ಲಿ ಜಾಬರ್ ಎಂಬ ಮಧ್ಯಸ್ಥನ ಹಿಡಿತವನ್ನು ಖಂಡಿಸಿ, ಆ ಕೆಲಸವನ್ನು ಕಾರ್ಮಿಕ ಅಧಿಕಾರಿಗಳಿಗೆ ವಹಿಸಬೇಕೆಂದಿತು.

ಮಧ್ಯಸ್ಥ ಹೋಗಲಿಲ್ಲ, ಹೆಸರು ಬದಲಾಯಿತು. ೧೯೭೦ರ ಗುತ್ತಿಗೆ ಕಾರ್ಮಿಕರ ಕಾಯಿದೆ ಆತನನ್ನು 'ಗುತ್ತಿಗೆದಾರ'ನೆಂದು ಕರೆದು, ಕೆಲಸ ಮಾಡಿಸಿಕೊಳ್ಳುವವನನ್ನು 'ಪ್ರಧಾನ ನಿಯೋಜಕ'ನೆಂದು ಹೆಸರಿಸಿತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪ್ರಧಾನ ನಿಯೋಜಕ ಕೊಡತಕ್ಕದ್ದೆಂಬ ನಿಯಮ ಅದರಲ್ಲಿತ್ತು. ೨೦೨೦ರ ಸಂಹಿತೆಯಲ್ಲಿಯೂ ಅದು ಉಳಿದಿದೆ. ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಕೆಲಸಗಳಲ್ಲಿದ್ದವರು ತಾವಾಗಿಯೇ ಪ್ರಧಾನ ನಿಯೋಜಕನ ನೌಕರರಾಗುವರೇ ಎಂಬ ವಿವಾದದಲ್ಲಿ, ಆಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೦೧ರ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ತೀರ್ಮಾನಿಸಿ, ತನ್ನ ಹಿಂದಿನ ಏರ್ ಇಂಡಿಯಾ ತೀರ್ಪನ್ನು ಕೈಬಿಟ್ಟಿತು. ಆದರೆ ಗುತ್ತಿಗೆಯೆಂಬುದು ಬರಿಯ ಮರೆಯಾಗಿದ್ದರೆ ಮರೆಯ ಹಿಂದಿನವನೇ ಮಾಲೀಕನೆಂಬ ತತ್ವವನ್ನೂ ಅದೇ ತೀರ್ಪು ಎತ್ತಿಹಿಡಿಯಿತು.

ಹೊಸ ಸಂಹಿತೆ ಇಲ್ಲಿ ಕೆಲವು ಮಾರ್ಪಾಟುಗಳನ್ನು ಮಾಡಿದೆ. ಮೊದಲು ಇಪ್ಪತ್ತು ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದ ವಿಧಿಗಳು ಈಗ ಐವತ್ತು ಜನರಿದ್ದರೆ ಅನ್ವಯಿಸುತ್ತವೆ. ಸಂಸ್ಥೆಯ ಮುಖ್ಯ ಚಟುವಟಿಕೆಗಳಲ್ಲಿ ಗುತ್ತಿಗೆ ಕಾರ್ಮಿಕರನ್ನು ಬಳಸಕೂಡದು. ಆದರೆ ಈ ನಿಷೇಧಕ್ಕೆ ಅಪವಾದಗಳುಂಟು. ಶುಚಿಗೊಳಿಸುವುದು, ಕಾವಲು, ಉಪಾಹಾರಗೃಹ, ಸಾಮಾನು ಏರಿಳಿಸುವುದು, ತೋಟದ ಕೆಲಸ ಮುಂತಾದುವು, ಸಂಸ್ಥೆ ಆ ಕೆಲಸಕ್ಕಾಗಿಯೇ ಸ್ಥಾಪಿತವಾಗಿದ್ದ ಹೊರತು, ಮುಖ್ಯ ಚಟುವಟಿಕೆಗಳಲ್ಲ. ಕಲ್ಯಾಣ ಸೌಕರ್ಯಗಳನ್ನು ಒದಗಿಸುವ ಹೊಣೆ ಹಿಂದೆ ಮೊದಲು ಗುತ್ತಿಗೆದಾರನದಾಗಿತ್ತು. ಈಗ ನೇರವಾಗಿ ಪ್ರಧಾನ ನಿಯೋಜಕನದು. ಗುತ್ತಿಗೆದಾರನ ಬಳಿ ಕಾಯಂ ರೀತಿಯಲ್ಲಿದ್ದು, ಕಾಲಕಾಲಕ್ಕೆ ವೇತನದ ಬಡ್ತಿಯನ್ನೂ ಸಾಮಾಜಿಕ ಭದ್ರತೆಯನ್ನೂ ಪಡೆಯುವವನು ಗುತ್ತಿಗೆ ಕಾರ್ಮಿಕನೆಂಬ ಲಕ್ಷಣದಿಂದಲೇ ಹೊರಗುಳಿಯುತ್ತಾನೆ.

ಈ ಕೊನೆಯ ಮಾತು ಏಜೆನ್ಸಿಗಳಿಗೆ ಅತ್ಯಂತ ಮುಖ್ಯವಾದುದು. ಇದನ್ನು ಎರಡು ಬಗೆಯಾಗಿ ಓದಬಹುದು. ತನ್ನ ಜನರನ್ನು ನಿಜವಾಗಿ ತನ್ನವರೆಂದು ಇಟ್ಟುಕೊಂಡು, ಬಡ್ತಿ ಕೊಟ್ಟು, ಒಂದು ಸ್ಥಳದ ಕೆಲಸ ಮುಗಿದಾಗ ಇನ್ನೊಂದು ಸ್ಥಳ ಕೊಡುವ ಏಜೆನ್ಸಿ ಮಾಲೀಕನ ಸ್ಥಾನಕ್ಕೆ ಏರುತ್ತದೆ. ಇದು ಉದಾತ್ತವಾದ ಓದು. ಇನ್ನೊಂದು ಓದಿನಲ್ಲಿ, ಕಾಗದದ ಮೇಲೆ ಇವೆಲ್ಲವನ್ನೂ ಬರೆದು ಗುತ್ತಿಗೆಯ ನಿಯಮಗಳಿಂದ ತಪ್ಪಿಸಿಕೊಳ್ಳುವ ದಾರಿ ತೆರೆಯುತ್ತದೆ. ಸಿದ್ಧತೆಯ ಬರೆವಣಿಗೆ ಎರಡನೆಯ ಓದಿನ ಅನುಕೂಲವನ್ನು ವಿವರಿಸಿ ಮೊದಲನೆಯ ಓದಿನ ಹೊಣೆಯನ್ನು ಮರೆತರೆ ಅದು ಮಾಲೀಕನಿಗೂ ಹಿತವಲ್ಲ. ಮರೆಯನ್ನು ಸರಿಸಿ ನೋಡುವ ಅಧಿಕಾರ ನ್ಯಾಯಾಲಯಕ್ಕೆ ಇದ್ದೇ ಇದೆ.

೫

ಎರಡನೆಯ ಪ್ರಶ್ನೆ ವೇತನದ್ದು. ಕನ್ನಡದಲ್ಲಿ ಕೂಲಿ, ಸಂಬಳ, ವೇತನ ಎಂಬ ಮೂರು ಮಾತುಗಳಿವೆ. ದಿನದ ದುಡಿತಕ್ಕೆ ಕೂಲಿ, ತಿಂಗಳಿಗೆ ಸಂಬಳ, ಸರ್ಕಾರದ ಕಾಗದದಲ್ಲಿ ವೇತನ. ಜನರ ಬಳಕೆಯಲ್ಲಿ ಸಂಬಳವೆಂದರೆ ಕೈಗೆ ಬರುವ ಹಣ. ಮಾಲೀಕನ ಲೆಕ್ಕದಲ್ಲಿ ಅದು ಆತನಿಗೆ ತಗಲುವ ಒಟ್ಟು ಮೊತ್ತ. ಸಂಹಿತೆಯ ವೇತನ ಇವೆರಡೂ ಅಲ್ಲ. ಮೂಲವೇತನ, ತುಟ್ಟಿಭತ್ಯ, ಉಳಿಸಿಕೊಳ್ಳುವ ಭತ್ಯ ಇವು ಸೇರಿದುದು ವೇತನ; ಮನೆಬಾಡಿಗೆಯ ಭತ್ಯ, ಪ್ರಯಾಣದ ಭತ್ಯ ಮೊದಲಾದ ಗೊತ್ತುಪಡಿಸಿದ ಬಾಬುಗಳು ಹೊರಗೆ. ಆದರೆ ಹೊರಗಿಟ್ಟ ಬಾಬುಗಳ ಮೊತ್ತ ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು.

ಉದಾಹರಣೆಗೆ, ಒಬ್ಬ ಉದ್ಯೋಗಿಯ ತಿಂಗಳ ಒಟ್ಟು ಪ್ರತಿಫಲ ೫೨,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯ ಸೇರಿ ೨೦,೮೦೦. ಹೊರಗಿಡಬಹುದಾದ ಭತ್ಯಗಳು ೩೧,೨೦೦. ಒಟ್ಟಿನ ಅರ್ಧ ೨೬,೦೦೦ವಾದುದರಿಂದ ಭತ್ಯಗಳಲ್ಲಿ ೫,೨೦೦ ರೂಪಾಯಿ ಮಿತಿಯನ್ನು ಮೀರಿದೆ. ಅದು ವೇತನಕ್ಕೆ ಸೇರಿ ವೇತನ ೨೬,೦೦೦ವಾಗುತ್ತದೆ. ಗ್ರಾಚ್ಯುಯಿಟಿ ಒಂದು ವರ್ಷದ ಸೇವೆಗೆ ಹದಿನೈದು ದಿನಗಳ ವೇತನ. ತಿಂಗಳಿಗೆ ಇಪ್ಪತ್ತಾರು ದಿನಗಳೆಂದು ಲೆಕ್ಕ. ಮೂಲವೇತನ ತುಟ್ಟಿಭತ್ಯಗಳ ಮೇಲೆ ಮಾತ್ರ ಲೆಕ್ಕ ಹಾಕಿದರೆ ವರ್ಷಕ್ಕೆ ೧೨,೦೦೦. ಹೊಸ ಲಕ್ಷಣದಂತೆ ೧೫,೦೦೦. ಹತ್ತು ವರ್ಷದ ಸೇವೆಗೆ ವ್ಯತ್ಯಾಸ ೩೦,೦೦೦ ರೂಪಾಯಿ.

ಇಷ್ಟು ಸರಳವಾದ ಲೆಕ್ಕವನ್ನು ಉದ್ಯೋಗಿಗೆ ತೋರಿಸಿಕೊಡುವುದಕ್ಕೆ ಅರ್ಧ ಪುಟ ಸಾಕು. ಅದರೊಡನೆ ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕಾಗುತ್ತದೆ: ಭವಿಷ್ಯನಿಧಿಯ ವಂತಿಗೆಯನ್ನು ಹೆಚ್ಚಿದ ವೇತನದ ಮೇಲೆ ಹಿಡಿದು, ಒಟ್ಟು ಪ್ರತಿಫಲವನ್ನು ಹಾಗೆಯೇ ಇಟ್ಟರೆ, ಕೈಗೆ ಬರುವ ಹಣ ಇಳಿಯುತ್ತದೆ. ನಾಳಿನ ಗಂಟು ದೊಡ್ಡದಾದರೂ ಈ ತಿಂಗಳ ಅಕ್ಕಿಬೇಳೆಗೆ ಅದು ಒದಗದು. ಸಂಬಳದ ಚೀಟಿ ಕೊಡುವುದನ್ನು ವೇತನ ಸಂಹಿತೆ ಕಡ್ಡಾಯ ಮಾಡಿದೆ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೆಯ ದಿನ ಮುಗಿಯುವುದರೊಳಗೆ ಸಲ್ಲಬೇಕು. ಕೆಲಸ ಬಿಟ್ಟರೂ ಬಿಡಿಸಿದರೂ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಬರಬೇಕು. ಚೀಟಿ ಕೊಟ್ಟು, ಅದರ ಅರ್ಥವನ್ನು ಹೇಳದೆ ಬಿಟ್ಟರೆ ಕಾನೂನಿನ ಅಕ್ಷರ ಪಾಲನೆಯಾದೀತು. ಮೊದಲ ತಿಂಗಳೇ ಹಣ ಏಕೆ ಕಡಮೆಯಾಯಿತೆಂಬ ಗುಸುಗುಸು ಎದ್ದು, ಮಾಲೀಕ ಕದ್ದನೆಂಬ ಮಾತು ಹಬ್ಬಿದರೆ ಅಂಥ ಪಾಲನೆಯಿಂದ ಮಾಲೀಕನಿಗೇ ನಷ್ಟ.

೬

ಮೂರನೆಯ ಪ್ರಶ್ನೆ ಕೆಲಸದ ಕೊನೆಯದು. ನಿಗದಿತ ಅವಧಿಯ ನೇಮಕವನ್ನು ೨೦೧೬ರಲ್ಲಿ ಸಿದ್ಧ ಉಡುಪಿನ ಕೈಗಾರಿಕೆಗೂ, ೨೦೧೮ರಲ್ಲಿ ಎಲ್ಲ ಕೈಗಾರಿಕೆಗಳಿಗೂ ನಿಯಮಗಳ ಮೂಲಕ ತೆರೆಯಲಾಗಿತ್ತು. ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಮೂಲ ಶಾಸನದಲ್ಲಿಯೇ ಸೇರಿಸಿದೆ. ಇಂಥ ನೇಮಕದವನಿಗೆ ಅದೇ ಕೆಲಸದ ಕಾಯಂ ಕಾರ್ಮಿಕನಿಗಿಂತ ಕಡಮೆ ವೇತನ ಕೊಡಕೂಡದು. ಶಾಸನೋಕ್ತ ಸೌಲಭ್ಯಗಳು ಸೇವೆಗೆ ತಕ್ಕ ಪ್ರಮಾಣದಲ್ಲಿ ಸಲ್ಲಬೇಕು. ಒಂದು ವರ್ಷ ದುಡಿದರೆ ಗ್ರಾಚ್ಯುಯಿಟಿಗೆ ಅರ್ಹತೆ ಬರುತ್ತದೆ. ಇವು ಲಾಭಗಳು. ಅವಧಿ ಮುಗಿದು ಕೆಲಸ ಹೋಗುವುದನ್ನು ಮಾತ್ರ ಸಂಹಿತೆ 'ಛಾಟಿ' ಎಂಬ ಲಕ್ಷಣದಿಂದ ಹೊರಗಿಟ್ಟಿದೆ. ಆದಕಾರಣ ಛಾಟಿಯ ಪರಿಹಾರವಿಲ್ಲ. ಅವಧಿಯನ್ನು ಎಷ್ಟು ಸಲ ನವೀಕರಿಸಬಹುದೆಂಬುದಕ್ಕೆ ಸಂಹಿತೆಯಲ್ಲಿ ಮಿತಿಯನ್ನು ಹಾಕಿಲ್ಲ. ಹನ್ನೊಂದು ತಿಂಗಳ ಬಾಡಿಗೆ ಕರಾರು ನಮ್ಮ ನಗರಗಳಲ್ಲಿ ಸರ್ವಪರಿಚಿತ. ನೇಮಕಪತ್ರವೂ ಹನ್ನೊಂದು ತಿಂಗಳಿಗೆ ಇಳಿದರೆ ಒಂದು ವರ್ಷದ ಗ್ರಾಚ್ಯುಯಿಟಿಯೆಂಬ ವಾಗ್ದಾನ ಎಂದೂ ಪಕ್ವವಾಗದ ಫಲವಾಗಿ ಉಳಿದೀತು. ಕಾರ್ಮಿಕರನ್ನು ಕಡಮೆ ಮಾಡಲು ಸರ್ಕಾರದ ಅನುಮತಿ ಬೇಕಾಗುವ ಸಂಖ್ಯೆ ಹಿಂದಿನ ನೂರರಿಂದ ಮುನ್ನೂರಕ್ಕೆ ಏರಿರುವುದನ್ನೂ ಇದರೊಡನೆ ಸೇರಿಸಿ ಓದಬೇಕು.

೭

ಇನ್ನು ಒಂದು ಪತ್ರ. ನಮ್ಮ ವಿಭಾಗದ ಕೊಠಡಿಗಳನ್ನು ಒಂಬತ್ತು ವರ್ಷಗಳಿಂದ ಗುಡಿಸಿ ಒರೆಸುತ್ತಿರುವ ಒಬ್ಬ ಹೆಣ್ಣುಮಗಳು ೨೦೨೬ರ ಫೆಬ್ರವರಿಯಲ್ಲಿ ತನಗೆ ಬಂದ ನೇಮಕಪತ್ರವನ್ನು ತಂದು ತೋರಿಸಿದರು. ಆಕೆ ಒಂದು ಏಜೆನ್ಸಿಯ ಮೂಲಕ ಬಂದವರು. ಟೆಂಡರು ಬದಲಾದಂತೆ ಈ ಅವಧಿಯಲ್ಲಿ ಏಜೆನ್ಸಿಯ ಹೆಸರು ಮೂರು ಸಲ ಬದಲಾಗಿದೆ. ಗುಡಿಸುವ ಕೊಠಡಿಗಳು ಅವೇ. ಪತ್ರ ಇಂಗ್ಲಿಷಿನಲ್ಲಿ ನಾಲ್ಕು ಪುಟಗಳಷ್ಟಿದೆ. ಪ್ರತಿಯೊಂದು ಪುಟದ ಕೆಳಗೆ ಆಕೆ ದುಂಡಾದ ಅಕ್ಷರಗಳಲ್ಲಿ ಸಹಿ ಮಾಡಿದ್ದಾರೆ. ಆ ನಾಲ್ಕು ಪುಟಗಳಲ್ಲಿ ಕನ್ನಡವೆಂದರೆ ಆ ಸಹಿ ಮಾತ್ರ.

"ಸಾರ್, ಇದರಲ್ಲಿ ಕೆಲಸ ಹೋಗೋ ಮಾತೇನಾದರೂ ಐತಾ, ನೋಡಿ ಹೇಳಿ" ಎಂದು ಆಕೆ ಕೇಳಿದರು.

ಪತ್ರವನ್ನು ನಮ್ಮ ಮೂರು ಪ್ರಶ್ನೆಗಳಿಗೆ ಒಡ್ಡಿ ನೋಡಿದೆವು. ಮಾಲೀಕ ಏಜೆನ್ಸಿ, ಕೆಲಸದ ಸ್ಥಳ 'ಗ್ರಾಹಕರ ಆವರಣ'. ಆ ಗ್ರಾಹಕ ಯಾರು, ಸಂಬಳ ನಿಂತರೆ ಯಾರನ್ನು ಕೇಳಬೇಕು ಎಂಬುದು ಎಲ್ಲಿಯೂ ಇಲ್ಲ. ವೇತನದ ಅಂಕಣದಲ್ಲಿ ಏಳು ಬಾಬುಗಳಿವೆ. ಕೈಗೆ ಎಷ್ಟು ಬರುವುದೆಂಬ ಸಾಲಿಲ್ಲ. ಕೆಲಸ ಮುಗಿಯುವ ಮಾತು ಮೂರು ಕಡೆ ಇದೆ, ಮೂರೂ ಕರ್ತೃವಿಲ್ಲದ ವಾಕ್ಯಗಳಲ್ಲಿ. ಸೇವೆ ಆರಂಭವಾದ ದಿನ ಹೊಸ ಏಜೆನ್ಸಿ ಬಂದ ದಿನ. ಆ ಒಂದು ತಾರೀಖಿನಿಂದ ಆಕೆಯ ಎಂಟು ವರ್ಷಗಳ ದುಡಿಮೆ ಪತ್ರದಿಂದ ಮಾಯವಾಗಿದೆ. ಹಿಂದಿನ ಏಜೆನ್ಸಿಗಳಿಂದ ಅನುಭವದ ಪ್ರಮಾಣಪತ್ರ ಪಡೆದಿದ್ದೀರಾ ಎಂದು ಕೇಳಿದೆವು. ಅಂಥದೊಂದನ್ನು ಕೇಳಿ ಪಡೆಯಬಹುದೆಂದೇ ಆಕೆಗೆ ಗೊತ್ತಿರಲಿಲ್ಲ. ಕೇಳಿದರೆ ಗುತ್ತಿಗೆದಾರ ಅದನ್ನು ಕೊಡತಕ್ಕದ್ದೆಂದು ಈಗ ಸಂಹಿತೆಯೇ ಹೇಳುತ್ತದೆ.

ಪತ್ರದ ಕೊನೆಯ ವಾಕ್ಯ ಇದು: ಮೇಲಿನ ಎಲ್ಲವನ್ನೂ ಓದಿ, ಅರ್ಥಮಾಡಿಕೊಂಡು, ಒಪ್ಪಿದ್ದೇನೆ. ಬರೆದವನಿಗೆ ಅದು ಸುಳ್ಳೆಂದು ಗೊತ್ತು. ಸಹಿ ಮಾಡಿದವರಿಗೂ ಗೊತ್ತು. ಎರಡು ಪಕ್ಷಗಳೂ ಸುಳ್ಳೆಂದು ಅರಿತ ವಾಕ್ಯದ ಮೇಲೆ ಕರಾರಿನ ಕಟ್ಟಡ ನಿಂತಿದೆ. ಈ ಪತ್ರ ಗಡುವಿನೊಳಗೆ ಬಂದಿದೆ. ಕಾನೂನು ಬಯಸಿದ ಪತ್ರ ಆಕೆಯ ಕೈಯಲ್ಲಿದೆ. ಸಿದ್ಧತೆ ಪೂರ್ಣವಾಯಿತೆಂದು ಏಜೆನ್ಸಿಯ ಕಡತದಲ್ಲಿ ಗುರುತು ಬಿದ್ದಿರಬೇಕು. ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡವನ್ನು ಬೆಳೆಸುವ ಕೆಲಸದಲ್ಲಿ ತೊಡಗಿದ ನಮ್ಮ ಕಣ್ಣೆದುರಿಗೇ ಇದು ನಡೆದಿದೆಯೆಂಬುದನ್ನು ನಾಚಿಕೆಯಿಂದ ದಾಖಲಿಸುತ್ತೇವೆ. ಆಕೆಯ ಪ್ರಧಾನ ನಿಯೋಜಕರ ಮನೆಯೊಳಗೇ ನಾವೂ ಕುಳಿತಿದ್ದೇವೆ.

೮

ಪತ್ರ ಯಾವ ಭಾಷೆಯಲ್ಲಿರಬೇಕು? ೧೯೪೬ರ ಸ್ಥಾಯೀ ಆದೇಶಗಳ ಕಾಯಿದೆ ಈ ವಿಷಯದಲ್ಲಿ ನಮಗಿಂತ ಮುಂದಾಲೋಚನೆಯುಳ್ಳದ್ದಾಗಿತ್ತು. ಕೆಲಸದ ಷರತ್ತುಗಳನ್ನು ಇಂಗ್ಲಿಷಿನಲ್ಲಿಯೂ, ಹೆಚ್ಚಿನ ಸಂಖ್ಯೆಯ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಬರೆದು, ಅವರು ಒಳಬರುವ ಬಾಗಿಲ ಬಳಿ ಎದ್ದು ಕಾಣುವಂತೆ ಹಚ್ಚತಕ್ಕದ್ದೆಂದು ಅದು ಶಾಸನದಲ್ಲಿಯೇ ಹೇಳಿತ್ತು. ಹೊಸ ಸಂಹಿತೆಯಲ್ಲಿ ಭಾಷೆಯ ವಿಚಾರವನ್ನು ನಿಯಮಗಳಿಗೆ ಬಿಟ್ಟಿದೆ. ಸ್ಥಾಯೀ ಆದೇಶಗಳೇ ಮುನ್ನೂರು ಕಾರ್ಮಿಕರಿಗೆ ಕಡಮೆಯಿರುವ ಸಂಸ್ಥೆಗೆ ಕಡ್ಡಾಯವಲ್ಲ. ಕೇಂದ್ರ ಕಾಯಿದೆಗಳ ಪ್ರಾದೇಶಿಕ ಭಾಷಾಂತರಗಳಿಗೆ ಅಧಿಕೃತ ಪಾಠದ ಸ್ಥಾನ ಕೊಡಲು ೧೯೭೩ರ ಶಾಸನವೊಂದು ಅನುಕೂಲ ಮಾಡಿದೆ. ಆ ದಾರಿಯಲ್ಲಿ ಸಂಹಿತೆಗಳಿಗೆ ನಿಷ್ಕೃಷ್ಟವಾದ ಕನ್ನಡ ಪಾಠವಿರಬೇಕಾದುದು ಅವಶ್ಯ. ನೌಕರ, ಉದ್ಯೋಗಿ, ಕಾರ್ಮಿಕ ಎಂಬ ಮಾತುಗಳನ್ನು ಬೇಕಾದಂತೆ ಬಳಸುವ ಕೈಪಿಡಿಯಿಂದ ಅನರ್ಥವೇ ಹೆಚ್ಚು. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 'ಉದ್ಯೋಗಿ' ವಿಶಾಲವಾದ ಪದ. 'ಕಾರ್ಮಿಕ' ಅದಕ್ಕಿಂತ ಕಿರಿದು, ತಿಂಗಳಿಗೆ ೧೮,೦೦೦ ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕ ಅದರಲ್ಲಿ ಸೇರುವುದಿಲ್ಲ. ಒಂದು ಪದ ಅತ್ತಿತ್ತಾದರೆ ಒಬ್ಬನ ಹಕ್ಕು ಅತ್ತಿತ್ತಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆಗೆ ಸಮಾಧಾನ ಹೇಳಬೇಕು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಒಂದೇ ಸೂರಿನ ಕೆಳಗೆ ಒಡಿಯಾ, ಹಿಂದಿ, ಬಂಗಾಳಿ, ತೆಲುಗು, ತಮಿಳು ಮಾತಾಡುವವರು ದುಡಿಯುತ್ತಾರೆ. ಎಲ್ಲರಿಗೂ ಅವರವರ ಭಾಷೆಯ ಪತ್ರ ಕೊಡುವುದು ಸಣ್ಣ ಮಾಲೀಕನಿಂದ ಸಾಧ್ಯವೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದು. ಕನ್ನಡದ ಮೇಲಿನ ಅಭಿಮಾನದಿಂದ ನಾವು ಎಲ್ಲ ಪತ್ರಗಳೂ ಕನ್ನಡದಲ್ಲಿಯೇ ಇರಲೆಂದರೆ, ಒಡಿಶಾದಿಂದ ಬಂದ ಕಾವಲುಗಾರನಿಗೆ ಇಂಗ್ಲಿಷ್ ಮಾಡಿದ ಅನ್ಯಾಯವನ್ನೇ ಕನ್ನಡದಿಂದ ಮಾಡಿದಂತಾಗುತ್ತದೆ. ನಾವು ಕೇಳುತ್ತಿರುವುದು ಓದುವವನ ಭಾಷೆಯನ್ನು. ಈ ನಾಡಿನಲ್ಲಿ ಬಹುಮಂದಿಗೆ ಅದು ಕನ್ನಡ.

ಈ ತೊಡಕಿಗೆ ಪರಿಹಾರ ನಮ್ಮ ಶಾಸನಗಳಲ್ಲಿಯೇ ಇದೆ. ಪ್ರಾಚೀನ ಕರ್ನಾಟಕದ ಎಷ್ಟೋ ದಾನಶಾಸನಗಳಲ್ಲಿ ರಾಜವಂಶದ ಪ್ರಶಸ್ತಿ ಸಂಸ್ಕೃತದಲ್ಲಿದ್ದು, ಕೊಟ್ಟ ನೆಲದ ಎಲ್ಲೆಗಳ ವಿವರ ಕನ್ನಡದಲ್ಲಿರುತ್ತದೆ. ಮೂಡಣ ಎಲ್ಲೆ ಯಾವ ಕೆರೆ, ತೆಂಕಣ ಎಲ್ಲೆ ಯಾವ ಮರ, ಯಾವ ಗುಂಡು ಎಂಬುದು ಊರವರಿಗೆ ತಿಳಿಯದಿದ್ದರೆ ದಾನವೇ ನಿಲ್ಲುವಂತಿರಲಿಲ್ಲ. ಪ್ರಶಸ್ತಿ ಪಂಡಿತರಿಗೆ, ಎಲ್ಲೆ ಊರಿಗೆ. ನೇಮಕಪತ್ರಕ್ಕೂ ಈ ವಿವೇಕ ಸಾಕು. ನಾಲ್ಕು ಪುಟದ ಷರತ್ತುಗಳು ಇಂಗ್ಲಿಷಿನಲ್ಲಿರುವುದಾದರೆ ಇರಲಿ. ಅವುಗಳ ಮೇಲೆ ಒಂದು ಪುಟ ಎಲ್ಲೆಗಳ ವಿವರವಿರಲಿ, ದುಡಿಯುವವನ ಭಾಷೆಯಲ್ಲಿ: ನಿನ್ನ ಮಾಲೀಕ ಇಂಥವನು, ನೀನು ದುಡಿಯುವ ಸ್ಥಳದ ಪ್ರಧಾನ ನಿಯೋಜಕ ಇಂಥವನು, ಒಟ್ಟು ಇಷ್ಟು, ಸಂಹಿತೆಯ ವೇತನ ಇಷ್ಟು, ಕೈಗೆ ಬರುವುದು ಇಷ್ಟು, ನೀನು ಈ ಸ್ಥಳದಲ್ಲಿ ದುಡಿಯಲು ಆರಂಭಿಸಿದ ದಿನ ಇದು, ಅವಧಿ ಮುಗಿಯುವ ದಿನ ಇದು, ಸಂಬಳ ನಿಂತರೆ ಇಲ್ಲಿ ಕೇಳು. ಹತ್ತು ಸಾಲುಗಳನ್ನು ಆರು ಭಾಷೆಗಳಿಗೆ ತಿರುಗಿಸುವ ಖರ್ಚು ಒಂದು ದಿನದ ಸಲಹೆಗಾರನ ಶುಲ್ಕವನ್ನು ಮೀರಲಾರದು. ಭಾಷಾವಿಭಾಗಗಳು ಈ ಕೆಲಸಕ್ಕೆ ನೆರವಾಗದಿದ್ದರೆ ಬೇರೆ ಯಾರು ಆಗಬೇಕು?

ಹೊಸ ಕಾನೂನಿಗೆ ಸಿದ್ಧರಾಗುವುದೆಂದರೆ ದಂಡದಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ತಿಳಿದವರು ಇನ್ನೊಂದು ತಿದ್ದುಪಡಿ ಬರುವತನಕ ನೆಮ್ಮದಿಯಾಗಿರಬಹುದು. ಕೆಲಸ ಕೊಡುವವನೂ ಮಾಡುವವನೂ ಒಂದೇ ಪತ್ರವನ್ನು ಓದಿ ಒಂದೇ ಅರ್ಥವನ್ನು ಗ್ರಹಿಸುವುದು ಸಿದ್ಧತೆಯೆಂದು ತಿಳಿದವರಿಗೆ ಕೆಲಸ ಈಗತಾನೆ ಮೊದಲಾಗಿದೆ.

ನಮ್ಮ ವಿಭಾಗದ ಆ ಹೆಣ್ಣುಮಗಳಿಗೆ ಪತ್ರದ ಸಾರವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆವು. ಅದರಲ್ಲಿ 'ತಿಳಿದಿಲ್ಲ' ಎಂದು ಬರೆಯಬೇಕಾಗಿ ಬಂದ ಸಾಲುಗಳು ಮೂರು. ಅವುಗಳಿಗೆ ಉತ್ತರ ಕೋರಿ ಏಜೆನ್ಸಿಗೂ, ನಮ್ಮದೇ ಆಡಳಿತ ಕಚೇರಿಗೂ ಆಕೆಯ ಸಹಿಯೊಡನೆ ಅರ್ಜಿ ಹೋಗಿದೆ. ಈ ಸಲ ಆಕೆ ಓದಿ ಸಹಿ ಮಾಡಿದರು.